‘ಇದು ಹೀಗೇ ಇರುತ್ತದೆ’ ಎಂದು ಕೋಡಿನಲ್ಲಿ ಬರೆದಿಡುವುದು

ನಿಘಂಟಿನಲ್ಲಿ ‘ನವಿಲು’ ಹುಡುಕುವವರು ಮೊದಲ ಪುಟದಿಂದ ಒಂದೊಂದೇ ಹಾಳೆ ತಿರುವುತ್ತ ಬರುವುದಿಲ್ಲ. ನಡುವೆ ಎಲ್ಲೋ ತೆರೆಯುತ್ತಾರೆ. ‘ಪ’ ಕಂಡರೆ ಹಿಂದಕ್ಕೆ, ‘ತ’ ಕಂಡರೆ ಮುಂದಕ್ಕೆ. ಪ್ರತಿ ಸಲವೂ ಹುಡುಕಬೇಕಾದ ಜಾಗ ಅರ್ಧಕ್ಕೆ ಇಳಿಯುತ್ತದೆ. ಕಂಪ್ಯೂಟರಿನವರು ಇದನ್ನೇ ಬೈನರಿ ಸರ್ಚ್ ಎನ್ನುತ್ತಾರೆ.

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಲೈಬ್ರರಿಗೆ, ಅಂದರೆ ಸಿದ್ಧ ಕೋಡಿನ ಸಂಗ್ರಹಕ್ಕೆ, ಈ ಹುಡುಕಾಟದ ಕೋಡ್ ಬರೆದವರು ಜೋಶುವಾ ಬ್ಲಾಕ್. ಅದರಲ್ಲಿ ಸುಮಾರು ಒಂಬತ್ತು ವರ್ಷ ಒಂದು ಬಗ್ ಯಾರ ಕಣ್ಣಿಗೂ ಬೀಳದೆ ಕೂತಿತ್ತು ಎಂದು 2006ರಲ್ಲಿ ಅವರೇ ಬರೆದರು. ಇನ್ನೂ ಹುಡುಕಬೇಕಾದ ಜಾಗದ ಎರಡು ತುದಿಗಳನ್ನು ‘ಕೆಳ’, ‘ಮೇಲೆ’ ಎನ್ನೋಣ. ತಪ್ಪು ಇದ್ದದ್ದು ತೀರಾ ಸಾಧಾರಣವಾಗಿ ಕಾಣುವ ಈ ಸಾಲಿನಲ್ಲಿ:

ಮಧ್ಯ = (ಕೆಳ + ಮೇಲೆ) / 2

ಗಣಿತದ ಲೆಕ್ಕದಲ್ಲಿ ಇದರಲ್ಲಿ ದೋಷವಿಲ್ಲ. ಆದರೆ ಜಾವಾದ ಮಾಮೂಲಿ ಪೂರ್ಣಾಂಕಕ್ಕೆ 2,14,74,83,647 ಎಂಬ ಮಿತಿಯಿದೆ. ಮೊತ್ತ ಅದನ್ನು ಮೀರಿದರೆ ಸಂಖ್ಯೆ ಮಗುಚಿ ಋಣವಾಗುತ್ತದೆ, ‘ಮಧ್ಯ’ ಪಟ್ಟಿಯ ಹೊರಗೆ ಹೋಗಿ ಬೀಳುತ್ತದೆ. ಪಟ್ಟಿಯಲ್ಲಿ ಸುಮಾರು 107 ಕೋಟಿಗೂ ಹೆಚ್ಚು ಅಂಶಗಳಿದ್ದಾಗ ಮಾತ್ರ ಹೀಗಾಗುವುದರಿಂದ ವರ್ಷಗಟ್ಟಲೆ ಯಾರಿಗೂ ತಿಳಿಯಲಿಲ್ಲ. ಇದೇ ಬಗೆಯ ಕೋಡನ್ನು ಕಂಪ್ಯೂಟರ್ ವಿಜ್ಞಾನಿ ಜಾನ್ ಬೆಂಟ್ಲಿ ಹಿಂದೆಯೇ ಕಾಗದದ ಮೇಲೆ ಸರಿಯೆಂದು ಸಾಧಿಸಿಯೂ ತೋರಿಸಿದ್ದರು. ಆ ಸಾಧನೆ ನಡೆದದ್ದು ಮಿತಿಯೇ ಇಲ್ಲದ ಸಂಖ್ಯೆಗಳ ಲೋಕದಲ್ಲಿ. ಕೋಡ್ ಓಡಿದ್ದು 32 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1ರ 32 ಅಂಕಿಗಳಲ್ಲಿ, ಹಿಡಿಸುವ ಸಂಖ್ಯೆಗಳ ಲೋಕದಲ್ಲಿ.

ಆ ಸಾಲನ್ನು ಬರೆಯುವ ಪ್ರತಿಯೊಬ್ಬರ ತಲೆಯಲ್ಲೂ ಒಂದು ನಂಬಿಕೆ ಇರುತ್ತದೆ: ‘ಮಧ್ಯ’ ಎಂಬುದು ‘ಕೆಳ’ ಮತ್ತು ‘ಮೇಲೆ’ ಇವೆರಡರ ನಡುವೆಯೇ ಇರುತ್ತದೆ. ಇನ್ನೆಲ್ಲಿಗೆ ಹೋದೀತು? ಅಷ್ಟು ಸ್ಪಷ್ಟವಾದದ್ದನ್ನು ಬರೆಯುವುದೇಕೆ ಎಂದು ಯಾರೂ ಬರೆಯುವುದಿಲ್ಲ. ಬರೆಯಬೇಕು ಎನ್ನುವುದೇ ಪ್ರೋಗ್ರಾಮಿಂಗ್ ಭಾಷೆಗಳಲ್ಲಿರುವ ‘ಅಸರ್ಟ್’ ಎಂಬ ಸೌಲಭ್ಯದ ಹಿಂದಿರುವ ಇಡೀ ವಿಚಾರ:

ಅಸರ್ಟ್ (ಕೆಳ <= ಮಧ್ಯ ಮತ್ತು ಮಧ್ಯ <= ಮೇಲೆ)

ಪ್ರೋಗ್ರಾಂ ಓಡುತ್ತ ಈ ಸಾಲಿಗೆ ಬಂದಾಗ ಒಳಗಿನ ಮಾತು ನಿಜವಾಗಿದ್ದರೆ ಏನೂ ಆಗುವುದಿಲ್ಲ, ಮುಂದೆ ಹೋಗುತ್ತದೆ. ಸುಳ್ಳಾದರೆ ಅಲ್ಲೇ ನಿಲ್ಲುತ್ತದೆ; ಯಾವ ಫೈಲು, ಎಷ್ಟನೇ ಸಾಲು, ಯಾವ ಮಾತು ಸುಳ್ಳಾಯಿತು ಎಂದು ಹೇಳಿ ನಿಲ್ಲುತ್ತದೆ. ಜಾವಾದಲ್ಲಿ ಪಟ್ಟಿಯ ಹೊರಗೆ ಕೈಹಾಕಿದರೆ ಭಾಷೆಯೇ ತಡೆಯುತ್ತದೆ, ಆದ್ದರಿಂದ ಅಲ್ಲಿ ಅಸರ್ಟ್‌ನಿಂದ ಸಿಗುತ್ತಿದ್ದ ಲಾಭ ತಪ್ಪಿನ ಜಾಗ ನೇರವಾಗಿ ಗೊತ್ತಾಗುವುದು ಮಾತ್ರ. ಸಿ ಭಾಷೆಯಲ್ಲಿ ಆ ತಡೆಯೂ ಇಲ್ಲ. ಅಲ್ಲಿ ತಪ್ಪಾದ ಜಾಗದಿಂದ ಏನೋ ಒಂದು ಸಂಖ್ಯೆಯನ್ನು ಎತ್ತಿಕೊಂಡು, ಸರಿಯೆಂಬಂತೆ ಪ್ರೋಗ್ರಾಂ ಮುಂದೆ ಸಾಗಬಹುದು. ಅದರ ಫಲ ಹತ್ತು ಫಂಕ್ಷನ್ (ಒಂದೊಂದು ಕೆಲಸಕ್ಕೆಂದು ಹೆಸರಿಟ್ಟ ಕೋಡಿನ ತುಂಡು) ದಾಟಿ, ಇನ್ಯಾರದೋ ಕೋಡಿನಲ್ಲಿ ಕಾಣಿಸಿಕೊಂಡೀತು. ಬಗ್ ಹುಟ್ಟಿದ ಜಾಗಕ್ಕೂ ಕಾಣಿಸಿಕೊಂಡ ಜಾಗಕ್ಕೂ ಇರುವ ಈ ದೂರವೇ ಪ್ರೋಗ್ರಾಮರ್‌ಗಳ ರಾತ್ರಿಗಳನ್ನು ತಿನ್ನುವುದು. ಅಸರ್ಟ್ ಆ ದೂರವನ್ನು ಕಡಿಮೆ ಮಾಡುತ್ತದೆ.

ಈ ವಿಚಾರದ ವಯಸ್ಸು ಹೆಚ್ಚೂಕಡಿಮೆ ಕಂಪ್ಯೂಟರಿನ ವಯಸ್ಸೇ. ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ವಾನ್ ನಾಯ್ಮನ್ 1947ರಲ್ಲಿ ತಮ್ಮ ಫ್ಲೋ ಚಾರ್ಟ್‌ಗಳಲ್ಲಿ ಒಂದು ವಿಶೇಷ ಚೌಕ ಇಟ್ಟರು. ಅದು ಯಂತ್ರಕ್ಕೆ ಯಾವ ಕೆಲಸವನ್ನೂ ಹೇಳುವುದಿಲ್ಲ. ‘ಇಲ್ಲಿಗೆ ಬರುವ ಹೊತ್ತಿಗೆ ಇದು ನಿಜವಾಗಿರುತ್ತದೆ’ ಎಂದಷ್ಟೇ ಓದುವವರಿಗೆ ತಿಳಿಸುತ್ತದೆ. ಅದನ್ನು ಅವರು ಕರೆದದ್ದೇ ಅಸರ್ಶನ್ ಬಾಕ್ಸ್ ಎಂದು. ಎರಡು ವರ್ಷದ ನಂತರ, 1949ರ ಜೂನ್ 24ರಂದು, ಎಡ್‌ಸ್ಯಾಕ್ ಕಂಪ್ಯೂಟರಿನ ಉದ್ಘಾಟನೆಗೆಂದು ಕೇಂಬ್ರಿಡ್ಜ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಅಲನ್ ಟ್ಯೂರಿಂಗ್ ಒಂದು ಪುಟ್ಟ ಪ್ರಬಂಧ ಓದಿದರು. ದೊಡ್ಡದೊಂದು ಪ್ರೋಗ್ರಾಂ ಸರಿಯಿದೆಯೇ ಎಂದು ಪರೀಕ್ಷಿಸುವುದು ಹೇಗೆ ಎಂಬುದು ಅವರ ವಿಷಯ. ಉದಾಹರಣೆಗೆ ಅವರು ಎತ್ತಿಕೊಂಡದ್ದು ಪ್ರಾಥಮಿಕ ಶಾಲೆಯ ಕೂಡುವ ಲೆಕ್ಕ:

1374
5906
6719
4337
7768
ಮೊತ್ತ 26104

ಇದನ್ನು ತಾಳೆ ನೋಡಬೇಕು ಎಂದುಕೊಳ್ಳಿ. ಬಿಡಿ ಸ್ಥಾನ ಕೂಡಿ, 34 ಬಂದು, 4 ಬರೆದು 3 ದಶಕ ಕೈಯಲ್ಲಿಟ್ಟುಕೊಂಡು ಮುಂದಿನ ಕಂಬಸಾಲಿಗೆ ಹೋಗಬೇಕು. ಕೈಯಲ್ಲಿರುವ ದಶಕ ಎಲ್ಲೂ ಬರೆದಿಲ್ಲವಾದ್ದರಿಂದ ನಡುವೆ ಏಳುವಂತಿಲ್ಲ, ಒಬ್ಬರೇ ಒಂದೇ ಕೂರಿಕೆಯಲ್ಲಿ ಮುಗಿಸಬೇಕು. ಬದಲಿಗೆ ಪ್ರತಿ ಕಂಬಸಾಲಿನ ಮೊತ್ತದ ಬಿಡಿಯನ್ನೂ ದಶಕವನ್ನೂ ಬೇರೆಬೇರೆ ಬರೆದಿಟ್ಟರೆ? ಮೇಲೆ 3974, ಅದರ ಕೆಳಗೆ ಒಂದು ಸ್ಥಾನ ಎಡಕ್ಕೆ ಸರಿಸಿ 2213. ಈಗ ಲೆಕ್ಕ ತುಂಡುತುಂಡಾಯಿತು. 3 + 9 + 7 + 3 + 7 = 29 ಎಂಬುದು ತನ್ನಷ್ಟಕ್ಕೆ ತಾನೇ ನಿಲ್ಲುವ ಒಂದು ಹೇಳಿಕೆ. ಅದನ್ನು ನೀವು ನೋಡಿ, ಪಕ್ಕದ ಸಾಲನ್ನು ಇನ್ನೊಬ್ಬರು ನೋಡಬಹುದು. ಎಲ್ಲ ಹೇಳಿಕೆಗಳೂ ನಿಜವಾಗಿ, ಕೊನೆಯ ಪುಟ್ಟ ಕೂಡುವಿಕೆಯೂ ಸರಿಯಾದರೆ ಇಡೀ ಲೆಕ್ಕ ಸರಿ. ಪ್ರೋಗ್ರಾಂ ಬರೆಯುವವರೂ ಹೀಗೆಯೇ ನಡುನಡುವೆ ಖಚಿತವಾದ ಹೇಳಿಕೆಗಳನ್ನು ಇಟ್ಟುಹೋಗಬೇಕು ಎಂದರು ಟ್ಯೂರಿಂಗ್. ಆ ಹೇಳಿಕೆಗಳಿಗೆ ಅವರೂ ಬಳಸಿದ ಪದ ಅಸರ್ಶನ್. ಇಷ್ಟು ಸರಳವಾಗಿ ಇದನ್ನು ವಿವರಿಸಿದವರನ್ನು ನಾನು ಬೇರೆ ಕಂಡಿಲ್ಲ.

ಮುಂದೆ 1967ರಲ್ಲಿ ರಾಬರ್ಟ್ ಫ್ಲಾಯ್ಡ್, 1969ರಲ್ಲಿ ಟೋನಿ ಹೋರ್ ಇದಕ್ಕೆ ಗಣಿತದ ಚೌಕಟ್ಟು ಕೊಟ್ಟರು. ಹೋರ್ ಅವರ ರೀತಿಯಲ್ಲಿ ಕೋಡಿನ ಪ್ರತಿ ತುಂಡಿಗೂ ಎರಡು ಹೇಳಿಕೆಗಳು: ಶುರುವಾಗುವ ಮೊದಲು ಏನು ನಿಜವಾಗಿರಬೇಕು, ಮುಗಿದ ಮೇಲೆ ಏನು ನಿಜವಾಗಿರುತ್ತದೆ. ಕನ್ನಡ ಮಾಧ್ಯಮದಲ್ಲಿ ರೇಖಾಗಣಿತ ಓದಿದವರಿಗೆ ಇದು ಹೊಸದಾಗಿ ಕಾಣಬಾರದು. ಪ್ರಮೇಯ ಬರೆಯುವಾಗ ಮೊದಲು ‘ದತ್ತ’, ಆಮೇಲೆ ‘ಸಾಧನೀಯ’ ಎಂದು ಬರೆದೇ ಮುಂದೆ ಹೋಗುತ್ತಿದ್ದೆವಲ್ಲ. ಫಂಕ್ಷನ್ನಿನ ದತ್ತವೇ ಪ್ರಿಕಂಡಿಶನ್, ಸಾಧನೀಯವೇ ಪೋಸ್ಟ್‌ಕಂಡಿಶನ್. ನಡುವಿನ ಕೋಡೇ ಸಾಧನೆ.

ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಬೇರೆಯದು: ‘ಇಫ್’ ಇರುವಾಗ ಅಸರ್ಟ್ ಯಾಕೆ? ಎರಡೂ ಒಂದು ಷರತ್ತನ್ನು ನೋಡುತ್ತವೆ. ವ್ಯತ್ಯಾಸ ಇರುವುದು ಹೇಳುವವರ ನಿಲುವಿನಲ್ಲಿ. ಇಫ್ ಕೇಳುತ್ತದೆ: ಹೀಗಿದೆಯೋ, ಹಾಗಿದೆಯೋ? ಎರಡೂ ಉತ್ತರ ನ್ಯಾಯವೇ, ಎರಡಕ್ಕೂ ದಾರಿ ಇಟ್ಟಿರುತ್ತೇವೆ. ಅಸರ್ಟ್ ಕೇಳುವುದಿಲ್ಲ, ಹೇಳುತ್ತದೆ: ಇದು ಹೀಗೇ ಇರುತ್ತದೆ, ಇಲ್ಲದಿದ್ದರೆ ನನ್ನ ಹೆಸರು ಬದಲಾಯಿಸಿ.

ಎಟಿಎಂನಲ್ಲಿ ಯಾರೋ ತಮ್ಮ ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣ ಕೇಳಿದರು ಎನ್ನಿ. ಅದು ಬಗ್ ಅಲ್ಲ, ದಿನವೂ ನಡೆಯುವ ಸಂಗತಿ. ಅಲ್ಲಿ ಇಫ್ ಬೇಕು, ‘ಸಾಕಷ್ಟು ಹಣವಿಲ್ಲ’ ಎಂದು ಮರ್ಯಾದೆಯಿಂದ ಹೇಳಬೇಕು. ಆದರೆ ಆ ಪರೀಕ್ಷೆ ದಾಟಿ ಹಣ ಕಳೆದ ಮೇಲೂ ಉಳಿದ ಮೊತ್ತ ಋಣವಾಗಿದೆ ಎಂದರೆ ತಪ್ಪು ಗ್ರಾಹಕರದ್ದಲ್ಲ, ಕೋಡ್ ಬರೆದವರದ್ದು. ಅಲ್ಲಿ ಅಸರ್ಟ್. ಹೊರಗಿನಿಂದ ಬರುವ ಯಾವುದನ್ನೂ, ಅಂದರೆ ಬಳಕೆದಾರರು ಟೈಪ್ ಮಾಡಿದ್ದು, ನೆಟ್‌ವರ್ಕ್‌ನಿಂದ ಬಂದದ್ದು, ಫೈಲಿನಿಂದ ಓದಿದ್ದು ಇವನ್ನೆಲ್ಲ ಅಸರ್ಟ್‌ನಿಂದ ಪರೀಕ್ಷಿಸಬಾರದು. ಪಾಸ್‌ವರ್ಡ್ ಸರಿಯಿದೆಯೇ ಎಂದು ಅಸರ್ಟ್‌ನಲ್ಲಿ ನೋಡುವ ಪೈಥಾನ್ ಕೋಡ್ ಬರೆಯುವವರು ಈಗಲೂ ಇದ್ದಾರೆ. ಅದು ಎಷ್ಟು ಅಪಾಯವೆಂದರೆ, ಪೈಥಾನನ್ನು ‘ಹೈಫನ್ ಓ’ ಎಂಬ ಆಯ್ಕೆ ಕೊಟ್ಟು ಓಡಿಸಿದ ಕ್ಷಣ ಆ ಪರೀಕ್ಷೆಯೇ ಮಾಯ. ಬಾಗಿಲು ಹಾರುಹೊಡೆದಿರುತ್ತದೆ.

ಹೌದು, ಅಸರ್ಟ್‌ಗಳನ್ನು ಆಫ್ ಮಾಡಬಹುದು. ಸಿ ಭಾಷೆಯಲ್ಲಿ ಅಸರ್ಟ್ ಒಂದು ಮ್ಯಾಕ್ರೋ, ಅಂದರೆ ಕಂಪೈಲ್ ಮಾಡುವಾಗ (ಕೋಡನ್ನು ಯಂತ್ರದ ಭಾಷೆಗೆ ಬದಲಿಸುವಾಗ) ಮೊದಲು ಬೇರೆ ಕೋಡಾಗಿ ಬದಲಾಗುವ ಹೆಸರು. ‘ಎನ್‌ಡೀಬಗ್’ ಎಂಬ ಹೆಸರನ್ನು ಮೊದಲೇ ಘೋಷಿಸಿ ಕಂಪೈಲ್ ಮಾಡಿದರೆ ಪ್ರತಿ ಅಸರ್ಟ್ ಸಾಲೂ ಏನೂ ಮಾಡದ ಸಾಲಾಗಿ ಬದಲಾಗುತ್ತದೆ. ಪ್ರೊಡಕ್ಷನ್‌ಗೆ, ಅಂದರೆ ನಿಜವಾದ ಬಳಕೆಗೆ, ಹೋಗುವ ಕೋಡ್ ವೇಗವಾಗಿರಲಿ ಎಂಬುದು ಉದ್ದೇಶ. ಇದರಿಂದ ಒಂದು ಕಟ್ಟುನಿಟ್ಟಾದ ನಿಯಮ ಹುಟ್ಟುತ್ತದೆ: ಅಸರ್ಟ್‌ನ ಒಳಗೆ ನೋಡುವುದಷ್ಟೇ ಇರಬೇಕು, ಮಾಡುವುದು ಇರಬಾರದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ತಂಡದ ಕೋಡಿನಲ್ಲಿ, ಸರದಿ ಸಾಲಿನಲ್ಲಿ ಕಾದಿರುವ ಕೆಲಸಗಳಿಂದ ಒಂದನ್ನು ತೆಗೆಯಲೆಂದು, ಇಂಥದೊಂದು ಸಾಲಿತ್ತು:

ಅಸರ್ಟ್ (ಸಾಲಿನಿಂದ_ತೆಗೆ(ಕೆಲಸ) == ಸರಿ)

ನಮ್ಮ ಮೆಷಿನ್‌ಗಳಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿತ್ತು. ಗ್ರಾಹಕರ ಕಡೆ ಮಾತ್ರ ಒಂದೇ ಕೆಲಸ ಮತ್ತೆ ಮತ್ತೆ ನಡೆಯುತ್ತಿತ್ತು. ಅಲ್ಲಿಗೆ ಕಳಿಸಿದ ಬಿಲ್ಡ್‌ನಲ್ಲಿ (ಕಂಪೈಲ್ ಮಾಡಿ ಸಿದ್ಧಪಡಿಸಿದ ಪ್ರತಿಯಲ್ಲಿ) ಅಸರ್ಟ್ ಹಾರಿಹೋಗುವಾಗ ಅದರ ಹೊಟ್ಟೆಯಲ್ಲಿದ್ದ ‘ತೆಗೆ’ ಎಂಬ ಕರೆಯೂ ಜೊತೆಗೇ ಹೋಗಿತ್ತು. ಮೂರು ದಿನ ಹುಡುಕಿದೆವು. ಎರಡು ಸಾಲಾಗಿ ಬಿಡಿಸಿ ಬರೆದಿದ್ದರೆ ಮುಗಿಯುತ್ತಿತ್ತು: ಮೊದಲು ತೆಗೆದು ಫಲಿತಾಂಶವನ್ನು ಹೆಸರಿಟ್ಟು ಇಟ್ಟುಕೊಳ್ಳುವುದು, ಆಮೇಲೆ ಆ ಹೆಸರಿನ ಮೇಲೆ ಅಸರ್ಟ್.

ಆಫ್ ಮಾಡುವುದೇ ಸರಿಯೇ ಎಂಬ ಜಗಳ ಐವತ್ತು ವರ್ಷದಿಂದ ನಡೆದಿದೆ. ಹೋರ್ 1973ರಲ್ಲೇ ಕೇಳಿದ್ದರು: ದಡದಲ್ಲಿ ಅಭ್ಯಾಸ ಮಾಡುವಾಗ ಲೈಫ್ ಜಾಕೆಟ್ ತೊಟ್ಟು, ಸಮುದ್ರಕ್ಕೆ ಇಳಿಯುವಾಗ ಅದನ್ನು ಬಿಚ್ಚಿಡುವವರ ಬಗ್ಗೆ ಏನೆನ್ನೋಣ? ನಾನು ಹೋರ್ ಅವರ ಪಕ್ಷ. ಲಕ್ಷ ಸಲ ಸುತ್ತುವ ಲೂಪಿನ ಒಳಗಿನ ದುಬಾರಿ ಪರೀಕ್ಷೆಗಳನ್ನು ಬೇಕಾದರೆ ತೆಗೆಯಿರಿ, ಮಿಕ್ಕವು ಇರಲಿ. ನಾಸಾದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯಲ್ಲಿದ್ದ ಜೆರಾರ್ಡ್ ಹೋಲ್ಜ್‌ಮನ್ 2006ರಲ್ಲಿ ಬರೆದ ಹತ್ತು ನಿಯಮಗಳಲ್ಲಿ ಒಂದು, ಸರಾಸರಿ ಪ್ರತಿ ಫಂಕ್ಷನ್ನಿಗೂ ಕನಿಷ್ಠ ಎರಡು ಅಸರ್ಶನ್ ಇರಬೇಕು ಎನ್ನುತ್ತದೆ.

ಈ ಜಗಳ ಹೆಸರುಗಳಲ್ಲೂ ಕಾಣುತ್ತದೆ. ಹೆಸರಿಡುವುದು ಸಣ್ಣ ವಿಷಯವೆಂದು ನನಗೆ ಎಂದೂ ಅನ್ನಿಸಿಲ್ಲ. ರಸ್ಟ್ ಭಾಷೆಯಲ್ಲಿ ‘ಅಸರ್ಟ್’ ಯಾವಾಗಲೂ ಆನ್. ಬಿಡುಗಡೆಯ ಬಿಲ್ಡ್‌ನಲ್ಲಿ ತಾನಾಗಿ ಹೋಗುವುದು ‘ಡೀಬಗ್ ಅಸರ್ಟ್’. ಚಿಕ್ಕ ಹೆಸರು ಸುರಕ್ಷಿತವಾದದ್ದಕ್ಕೆ, ರಿಯಾಯಿತಿ ಬೇಕೆನ್ನುವವರು ಉದ್ದದ ಹೆಸರು ಟೈಪ್ ಮಾಡಬೇಕು. ಸ್ವಿಫ್ಟ್‌ನಲ್ಲಿ ಇದು ತಿರುಗುಮುರುಗು: ‘ಅಸರ್ಟ್’ ಬಿಡುಗಡೆಯ ಬಿಲ್ಡ್‌ನಲ್ಲಿ ಹೋಗುತ್ತದೆ, ‘ಪ್ರಿಕಂಡಿಶನ್’ ಉಳಿಯುತ್ತದೆ. ರಸ್ಟ್ ಮಾಡಿದ್ದೇ ಸರಿ ಎಂದು ನನ್ನ ಅಭಿಪ್ರಾಯ. ಸುಲಭವಾಗಿ ಕೈಗೆ ಸಿಗುವ ಹೆಸರು ಕಾಪಾಡುವ ಹೆಸರಾಗಿರಬೇಕು.

ಜಾವಾದ ಕಥೆ ಇನ್ನೂ ತಮಾಷೆಯದ್ದು. 2002ರಲ್ಲಿ ಬಂದ 1.4ನೇ ಆವೃತ್ತಿಯಲ್ಲಿ ‘ಅಸರ್ಟ್’ ಹೊಸ ಕೀವರ್ಡ್, ಅಂದರೆ ಭಾಷೆಯೇ ಕಾದಿರಿಸಿಕೊಂಡ ಪದ, ಆಯಿತು. ಅಷ್ಟು ಹೊತ್ತಿಗೆ ಟೆಸ್ಟ್ ಬರೆಯಲು ಎಲ್ಲರೂ ಬಳಸುತ್ತಿದ್ದ ಜೆಯುನಿಟ್‌ನಲ್ಲಿ ಅದೇ ಹೆಸರಿನ ಮೆಥಡ್ (ಜಾವಾದಲ್ಲಿ ಫಂಕ್ಷನ್ನಿಗೆ ಹೇಳುವ ಹೆಸರು) ಇತ್ತು. ಕೀವರ್ಡ್ ಆದ ಪದವನ್ನು ಮೆಥಡ್‌ಗೆ ಹೆಸರಾಗಿ ಇಡುವಂತಿಲ್ಲ. ಹಾಗಾಗಿ ಜೆಯುನಿಟ್‌ನವರು ತಮ್ಮದನ್ನು ‘ಅಸರ್ಟ್ ಟ್ರೂ’ ಎಂದು ಬದಲಿಸಿಕೊಂಡರು. ಇಂದಿಗೂ ಟೆಸ್ಟ್ ಬರೆಯುವವರ ಬಾಯಲ್ಲಿರುವುದು ಅದೇ. ಇತ್ತ ಭಾಷೆಯ ಅಸರ್ಟ್ ಮೊದಲಿಂದಲೂ ಆಫ್ ಆಗಿಯೇ ಬಂತು, ‘ಹೈಫನ್ ಇಎ’ ಎಂದು ಕೊಟ್ಟು ಓಡಿಸಿದರೆ ಮಾತ್ರ ಎಚ್ಚರವಾಗುತ್ತದೆ. ವರ್ಷಗಟ್ಟಲೆ ಜಾವಾ ಬರೆದರೂ ತಮ್ಮ ಅಸರ್ಟ್‌ಗಳು ಒಮ್ಮೆಯೂ ಓಡಿಲ್ಲವೆಂದು ಅರಿಯದವರನ್ನು ನಾನು ಕಂಡಿದ್ದೇನೆ.

ಸಿ++ ಭಾಷೆಯವರಿಗೆ ಇದಕ್ಕೂ ದೊಡ್ಡ ಕಷ್ಟ. ಸಿ ಭಾಷೆಯಿಂದ ಬಂದ ಅಸರ್ಟ್ ಮ್ಯಾಕ್ರೋ ಆ ಪದವನ್ನು ಎಂದೋ ಹಿಡಿದು ಕೂತಿದೆ. ಆದ್ದರಿಂದ ಸಿ++ 26 ಎಂಬ ಆವೃತ್ತಿಗೆಂದು ಒಪ್ಪಿದ ಹೊಸ ಸೌಲಭ್ಯಕ್ಕೆ ‘ಕಾಂಟ್ರಾಕ್ಟ್ ಅಸರ್ಟ್’ ಎಂಬ ಉದ್ದದ ಕೀವರ್ಡ್ ಇಡಬೇಕಾಯಿತು.

ಆದರೆ ಅಸರ್ಟ್ ಎಂಬ ಪದದ ನಿಜವಾದ ಕೊರತೆ ಬೇರೆ. ಮಾತು ಸುಳ್ಳಾಯಿತು ಎಂದು ಅದು ಹೇಳುತ್ತದೆ, ತಪ್ಪು ಯಾರದ್ದು ಎಂದು ಹೇಳುವುದಿಲ್ಲ. 1980ರ ದಶಕದ ಮಧ್ಯದಲ್ಲಿ ಬರ್ಟ್ರಾಂಡ್ ಮೇಯರ್ ಐಫೆಲ್ ಎಂಬ ಭಾಷೆ ಮಾಡಿದಾಗ ಇದನ್ನು ಸರಿಪಡಿಸಿದರು. ಅವರಿಗೆ ಹೊಳೆದದ್ದು ಕರಾರು. ಮನೆ ಬಾಡಿಗೆಯ ಕರಾರು ಪತ್ರ ನೋಡಿ: ಬಾಡಿಗೆದಾರರು ಇಂತಿಷ್ಟು ಅಡ್ವಾನ್ಸ್ ಕೊಡಬೇಕು, ಮಾಲೀಕರು ನೀರು, ಕರೆಂಟಿನ ಸೌಲಭ್ಯ ಒದಗಿಸಬೇಕು. ಯಾವ ಷರತ್ತು ಮುರಿಯಿತು ಎಂದು ನೋಡಿದರೆ ಸಾಕು, ಯಾರನ್ನು ಕೇಳಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಐಫೆಲ್‌ನಲ್ಲಿ ‘ರಿಕ್ವೈರ್’ ಎಂದರೆ ಫಂಕ್ಷನ್ ಕರೆಯುವವರು ಪಾಲಿಸಬೇಕಾದದ್ದು. ಅದು ಮುರಿದರೆ ತಪ್ಪು ಕರೆದವರದ್ದು. ‘ಎನ್ಶೂರ್’ ಎಂದರೆ ಫಂಕ್ಷನ್ ಬರೆದವರು ಕೊಟ್ಟ ಮಾತು. ಅದು ಮುರಿದರೆ ತಪ್ಪು ಬರೆದವರದ್ದು. ‘ಇನ್ವೇರಿಯಂಟ್’ ಎಂದರೆ ಯಾವ ಫಂಕ್ಷನ್ ನಡೆದು ಮುಗಿದರೂ ಕದಲದೆ ಉಳಿಯಬೇಕಾದ ನಿಯಮ: ಕಪಾಟಿನಲ್ಲಿರುವ ಪುಸ್ತಕಗಳು, ಎರವಲು ಹೋದ ಪುಸ್ತಕಗಳು, ಎರಡೂ ಸೇರಿ ಗ್ರಂಥಾಲಯದ ಒಟ್ಟು ಲೆಕ್ಕಕ್ಕೆ ಸಮ. ಕೋಟ್ಲಿನ್ ಭಾಷೆ ಇದೇ ದಾರಿ ಹಿಡಿದು, ಫಂಕ್ಷನ್ನಿಗೆ ಕೊಟ್ಟ ಆರ್ಗ್ಯುಮೆಂಟ್ (ಮೌಲ್ಯ) ತಪ್ಪಾದರೆ ‘ರಿಕ್ವೈರ್’, ವಸ್ತುವಿನ ಸ್ಥಿತಿಯೇ ಕೆಟ್ಟಿದ್ದರೆ ‘ಚೆಕ್’ ಎಂದು ಬೇರೆಬೇರೆ ಹೆಸರಿಟ್ಟಿದೆ.

ಹೆಸರು ಒಂದೇ ಇದ್ದು ಅರ್ಥ ಬೇರೆಯಾಗಿರುವ ಕಡೆಯೂ ಎಚ್ಚರ ಬೇಕು. ಟೈಪ್‌ಸ್ಕ್ರಿಪ್ಟ್‌ನಲ್ಲಿ ಟೈಪ್ ಅಸರ್ಶನ್ ಎಂದರೆ ‘ಇದು ಇಂಥ ಟೈಪ್ (ಸಂಖ್ಯೆ, ಪಠ್ಯ ಮುಂತಾದ ಬಗೆ) ಎಂದು ನಂಬು’ ಎಂದು ಕಂಪೈಲ್ ಮಾಡುವ ಕಂಪೈಲರ್‌ಗೆ ಹೇಳುವುದು. ಓಡುವಾಗ ಯಾವ ಪರೀಕ್ಷೆಯೂ ನಡೆಯುವುದಿಲ್ಲ. ಗೋ ಭಾಷೆಯ ಟೈಪ್ ಅಸರ್ಶನ್ ಓಡುವಾಗ ಪರೀಕ್ಷಿಸುತ್ತದೆ. ಅದೇ ಗೋ ಭಾಷೆಯಲ್ಲಿ ಮಾಮೂಲಿ ಅಸರ್ಟ್ ಇಲ್ಲವೇ ಇಲ್ಲ: ಎರರ್‌ಗಳನ್ನು ಸರಿಯಾಗಿ ನಿಭಾಯಿಸುವ ಯೋಚನೆ ತಪ್ಪಿಸಿಕೊಳ್ಳಲು ಜನ ಅದನ್ನು ಊರುಗೋಲು ಮಾಡಿಕೊಳ್ಳುತ್ತಾರೆ ಎಂದು ಅದನ್ನು ಕಟ್ಟಿದವರು ಬೇಕೆಂದೇ ಬಿಟ್ಟರು.

ಅವರ ಅಳುಕಿನಲ್ಲಿ ಹುರುಳಿದೆ. ನಿಲ್ಲುವುದು ಎಲ್ಲ ಕಡೆಯೂ ಒಳ್ಳೆಯದಲ್ಲ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರೂನಿಂದ ಹಾರಿದ ಮೊದಲ ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡಿನೊಳಗೆ ದಾರಿ ತಪ್ಪಿ ಸಿಡಿಯಿತು. ದಿಕ್ಕು ತಿಳಿಸುವ ಉಪಕರಣದ ಸಾಫ್ಟ್‌ವೇರನ್ನು ಏರಿಯಾನ್ 4ರಿಂದ ತಂದಿದ್ದರು. ಅದರಲ್ಲಿ 64 ಬಿಟ್‌ನ ಒಂದು ದಶಾಂಶ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಬದಲಿಸುವ ಕಡೆ ರಕ್ಷಣೆ ಇರಲಿಲ್ಲ. ಅಂಥ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಕೊಟ್ಟು, ಕಂಪ್ಯೂಟರಿನ ಮೇಲಿನ ಹೊರೆ ಶೇ 80 ಮೀರದಿರಲೆಂದು ಮೂರನ್ನು ಹಾಗೇ ಬಿಟ್ಟಿದ್ದರು. ಏರಿಯಾನ್ 4ರ ಹಾರಾಟದಲ್ಲಿ ಆ ಮೂರು 32,767 ದಾಟುವುದು ಸಾಧ್ಯವೇ ಇಲ್ಲ ಎಂದು ಲೆಕ್ಕ ಹಾಕಿಯೇ ಬಿಟ್ಟದ್ದು. ಆ ಲೆಕ್ಕ ಸರಿಯೇ ಇತ್ತು, ಏರಿಯಾನ್ 4ಕ್ಕೆ. ಏರಿಯಾನ್ 5ರ ಆರಂಭದ ಪಥ ಬೇರೆ, ಅಡ್ಡಲಾಗಿ ಸಾಗುವ ವೇಗ ಹೆಚ್ಚು. ರಕ್ಷಣೆ ಬಿಟ್ಟದ್ದಕ್ಕೆ ಕಾರಣವನ್ನು ಕೋಡಿನಲ್ಲೇ ಬರೆದಿಟ್ಟಿರಲಿಲ್ಲ ಎಂದು ತನಿಖಾ ಸಮಿತಿ ಗುರುತಿಸಿತು. ‘ಈ ಸಂಖ್ಯೆ 32,767 ಮೀರುವುದಿಲ್ಲ’ ಎಂಬ ಒಂದು ರಿಕ್ವೈರ್ ಸಾಲು ಅಲ್ಲಿದ್ದಿದ್ದರೆ, ಹೊಸ ರಾಕೆಟ್ಟಿಗೆ ಆ ಕೋಡನ್ನು ತರುವವರು ಅದನ್ನು ಓದಿ ನಿಲ್ಲುತ್ತಿದ್ದರು ಎಂದು ಮೇಯರ್ ಮತ್ತು ಜಾನ್-ಮಾರ್ಕ್ ಜೆಜೆಕೆಲ್ ಮರುವರ್ಷ ವಾದಿಸಿದರು.

ಅದು ಅರ್ಧ ಪಾಠ. ಉಳಿದರ್ಧ ಇನ್ನೂ ಮುಖ್ಯ. ಸಂಖ್ಯೆ ಮೀರಿದಾಗ ಆ ಉಪಕರಣ ಎಕ್ಸೆಪ್ಷನ್ ಎತ್ತಿ, ಅಂದರೆ ತಪ್ಪಾಗಿದೆ ಎಂಬ ಸೂಚನೆ ಕೊಟ್ಟು, ನಿಯಮದಂತೆ ತನ್ನನ್ನು ತಾನೇ ನಿಲ್ಲಿಸಿಕೊಂಡಿತು. ಅದೇ ಕೋಡ್ ಓಡುತ್ತಿದ್ದ ಬದಲಿ ಉಪಕರಣವೂ ಅದಾಗಲೇ ನಿಂತಿತ್ತು. ನಿಲ್ಲುವಾಗ ಕಳಿಸಿದ ದೋಷದ ವಿವರವನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿ ಎಂದು ತಿಳಿದು ರಾಕೆಟ್ಟಿನ ನಳಿಕೆಗಳನ್ನು ಪೂರಾ ತಿರುಗಿಸಿಬಿಟ್ಟಿತು. ಎಲ್ಲಕ್ಕಿಂತ ನೋವಿನ ಸಂಗತಿ, ಆ ಲೆಕ್ಕಾಚಾರ ರಾಕೆಟ್ ನೆಲ ಬಿಟ್ಟ ಮೇಲೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಆದ್ದರಿಂದ ಅಸರ್ಟ್ ಬರೆಯುವವರು ಎರಡು ಮಾತು ಯೋಚಿಸಬೇಕು: ಯಾವುದು ನಿಜವಾಗಿರಬೇಕು ಎಂಬುದು ಒಂದು, ಅದು ಸುಳ್ಳಾದಾಗ ಈ ಯಂತ್ರ ಏನು ಮಾಡಿದರೆ ಜನಕ್ಕೂ ವಸ್ತುವಿಗೂ ಕ್ಷೇಮ ಎಂಬುದು ಇನ್ನೊಂದು. ಲೆಕ್ಕಪತ್ರದ ಸಾಫ್ಟ್‌ವೇರ್ ನಿಂತರೆ ಒಳ್ಳೆಯದು. ಗಾಳಿಯಲ್ಲಿರುವುದು ನಿಂತರೆ ಬೀಳುತ್ತದೆ. ಅದಕ್ಕೆ ಬೇರೊಂದು ಸುರಕ್ಷಿತ ದಾರಿ ಮೊದಲೇ ಇರಬೇಕು.

ಕನ್ನಡದಲ್ಲಿ ಇದನ್ನು ಏನೆಂದು ಕರೆಯೋಣ? ಅನುವಾದಗಳಲ್ಲಿ ‘ದೃಢೀಕರಣ’ ಎಂದು ಕಂಡಾಗ ನನಗೆ ಕಸಿವಿಸಿಯಾಗುತ್ತದೆ. ದೃಢೀಕರಿಸಿದ ಪ್ರತಿ ಎಂದರೆ ಅಧಿಕಾರಿಯೊಬ್ಬರು ಮೂಲ ಪತ್ರ ನೋಡಿ ಮೊಹರು ಹಾಕಿದ್ದು, ಇನ್ನೊಬ್ಬರ ಮಾತನ್ನು ಪರೀಕ್ಷಿಸಿ ಹೌದೆಂದದ್ದು. ಅಸರ್ಟ್ ನಮ್ಮದೇ ಮಾತು, ಪರೀಕ್ಷೆಗಿಂತ ಮೊದಲೇ ಹೇಳಿದ್ದು. ಆ ಪದದ ಲ್ಯಾಟಿನ್ ಬೇರಿನಲ್ಲೂ ‘ತನ್ನದೆಂದು ಹಕ್ಕು ಹೇಳು’ ಎಂಬ ಅರ್ಥವಿದೆ. ‘ಪ್ರತಿಪಾದನೆ’ ಹತ್ತಿರ ಬರುತ್ತದೆ, ಭಾಷಣದ ಭಾರ ಹೆಚ್ಚು. ನನ್ನ ಮನಸ್ಸು ಒಪ್ಪುವುದು ‘ಪ್ರತಿಜ್ಞೆ’. ಈಗ ಆ ಪದ ಶಪಥದ ಅರ್ಥಕ್ಕೆ ಹೆಚ್ಚು ವಾಲಿದೆ, ನಿಜ. ಆದರೆ ನ್ಯಾಯದರ್ಶನದ ಐದು ಅವಯವಗಳಲ್ಲಿ ಮೊದಲನೆಯದು ಪ್ರತಿಜ್ಞೆ: ‘ಬೆಟ್ಟದ ಮೇಲೆ ಬೆಂಕಿಯಿದೆ’. ಹೇತು ಆಮೇಲೆ ಬರುತ್ತದೆ, ‘ಹೊಗೆಯಿರುವುದರಿಂದ’. ಮೊದಲು ಹೇಳಿ, ಆಮೇಲೆ ಸಾಧಿಸಲು ನಿಲ್ಲುವುದು.

ಕೋಡಿಂಗ್ ಕಲಿಸುವಾಗ ನಾನು ಕೀವರ್ಡ್‌ಗಳ ಗೊಡವೆಗೆ ಹೋಗುವ ಮೊದಲು ಕಪ್ಪುಹಲಗೆಯ ಮೇಲೆ ಬರೆಸುವುದು ಇಷ್ಟು. ಅಂಕಗಳ ಸರಾಸರಿ ತೆಗೆಯುವ ಫಂಕ್ಷನ್. ದತ್ತ: ಪಟ್ಟಿಯಲ್ಲಿ ಒಂದಾದರೂ ಅಂಕ ಇದೆ. ಸಾಧನೀಯ: ಉತ್ತರ ಅತಿ ಕಡಿಮೆ ಅಂಕಕ್ಕಿಂತ ಕಡಿಮೆಯಿಲ್ಲ, ಅತಿ ಹೆಚ್ಚಿನದಕ್ಕಿಂತ ಹೆಚ್ಚಿಲ್ಲ. ಪಟ್ಟಿ ಖಾಲಿ ಬಂದರೆ ಏನು ಮಾಡುವುದು ಎಂದು ಆಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ.